ಸೈಕಲ್ ಹಿಂದಿನ ಹೇಂಟೆ

ನ್‌ಖಾಟಾ ಬೇ
ಜುಲೈ 14, ಭಾನುವಾರ

ಪ್ರೀತಿಯ ತಡಾಲಾ ಅಕ್ಕಾ,

ಹೇಗಿದ್ದೀಯಾ? ಈ ಜುಲೈ ಚಳಿಗೆ ನಿನ್ನ ಹಳೆಯ ಕೆಮ್ಮು ಮತ್ತೆ ಕಾಡುತ್ತಿಲ್ಲ ತಾನೇ? ನಾನಿನ್ನೂ ಕಣ್ಣಾರೆ ಕಾಣದ ನನ್ನ ಸೋದರಸೊಸೆ ಟಾವೊಂಗಾ ಹೇಗಿದ್ದಾಳೆ? ಹಠದಲ್ಲಿ ನಿನ್ನನ್ನೂ ಮೀರಿಸುತ್ತಾಳೆಂದು ಮೀನಿನ ಲಾರಿಯವರು ಊರಿಗೆ ಸುದ್ದಿ ತಂದಿದ್ದರು. ಕೇಳಿ ಅಮ್ಮ ಮೂರು ದಿನ ಅದನ್ನೇ ಹೇಳಿಕೊಂಡು ನಕ್ಕಳು. ಲುಸುಂಗು ಭಾವನಿಗೆ ನನ್ನ ನಮಸ್ಕಾರ ತಿಳಿಸು. ನಮ್ಮ ನಂಬರ್ ಕಂಡರೆ ನೀನು ಫೋನ್ ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ನಿಮ್ಮ ಕರೋಂಗಾ ಕಡೆಯ ಬಸ್ಸಿನ ಡ್ರೈವರ್‌ಗೆ ಭಾವ ಪಾಠ ಹೇಳುವ ಶಾಲೆ ಗೊತ್ತಂತೆ, ಅವನ ಕೈಯಲ್ಲೇ ಕಳಿಸುತ್ತಿದ್ದೇನೆ.

ನಾನು, ಪಕ್ಕದ ಮನೆಯ ಫಟ್ಸಾನಿ, ಅವನ ಕಾಲೇಜು ಗೆಳೆಯ ಖುಂಬೊ, ಮೂವರೂ ನ್ಸಾಂಜೆಯಿಂದ ಸೈಕಲ್ ಹತ್ತಿ ಇಂದಿಗೆ ಹದಿನಾಲ್ಕು ದಿನ. ದೇಶದ ಬುಡದಿಂದ ತುದಿಯವರೆಗೆ ತುಳಿಯುತ್ತೇವೆಂದು ಹೊರಟವರು ನಾವು. ಸಲೀಮಾ ದಾಟಿದ ಮೇಲೆ ಸರೋವರ ಬಲಗಡೆಯಿಂದ ಆಗಾಗ ಇಣುಕುತ್ತಾ ಜೊತೆಗೇ ಬಂದಿದೆ. ತೆಂಕಣ ಗಾಳಿ ಬೆನ್ನ ಮೇಲೆ ಕೈಯಿಟ್ಟು ತಳ್ಳುತ್ತದೆ. ಬೆಳಗಿನ ಹೊತ್ತು ನೀರು ಯಾವುದು, ಆಕಾಶ ಯಾವುದು ತಿಳಿಯುವುದಿಲ್ಲ. ದೋಣಿಗಳು ಗಾಳಿಯಲ್ಲೇ ತೇಲುತ್ತಿರುವಂತೆ ಕಾಣುತ್ತವೆ. ತುಳಿಯುತ್ತಾ ತುಳಿಯುತ್ತಾ ಕಾಲು ಯಾರದ್ದೋ, ನಾನು ಯಾರೋ ಎನಿಸಿಬಿಡುತ್ತದೆ. ನಿನ್ನೆ ಅಂಥದೇ ಮಂಪರಿನಲ್ಲಿ ನೀನು ನನ್ನ ಮುಂದೆ, ಅಪ್ಪನ ಹಳೇ ಸೈಕಲ್ಲಿನ ಬಾರಿನ ಮೇಲೆ ಕುಳಿತಿದ್ದೆ. ಹತ್ತು ವರ್ಷದವಳು, ಬರಿಗಾಲು. ಎಚ್ಚರವಾದಾಗ ಮರಗೆಣಸಿನ ಹೊಲದೊಳಗೆ ನುಗ್ಗಿದ್ದೆ! ಅಂದ ಹಾಗೆ, ಇಲ್ಲಿಯ ಮರಗೆಣಸಿನ ಮುದ್ದೆ ಎಳೆದಷ್ಟೂ ಬರುತ್ತದಲ್ಲ, ಅದನ್ನು ನೀನು ಹೇಗಪ್ಪಾ ರೂಢಿ ಮಾಡಿಕೊಂಡೆ?

ನನ್ನ ಸೈಕಲ್ಲಿನ ಹಿಂದೆ ಬುಟ್ಟಿಯಲ್ಲೊಂದು ಹೇಂಟೆ ಇದೆ, ಅಮ್ಮ ಸಾಕಿದ್ದು. ಅದರಿಂದಾಗಿ ದಾರಿಯುದ್ದಕ್ಕೂ ನನ್ನ ಮಾನ ಹೋಗಿದೆ. ಸಲೀಮಾ ಸಂತೆಯಲ್ಲಿ ಒಬ್ಬ ಹೆಂಗಸು, "ಕೋಳಿ ಕೊಡ್ತೀಯೇನಪ್ಪಾ?" ಅಂದಳು. ಮಾರಲ್ಲ ಅಂದರೆ, "ಮತ್ಯಾಕೆ ಮೆರವಣಿಗೆ ಮಾಡಿಸ್ತಿದೀಯಾ ಅದಕ್ಕೆ?" ಎಂದು ಸಂತೆಯನ್ನೇ ನಗಿಸಿದಳು. ಫಟ್ಸಾನಿಗೆ ದಿನಾ ಸಂಜೆ ಒಂದೇ ಹಾಡು: "ಲೋ ಮಸೌಕೊ, ಒಣಮೀನು ತಿಂದೂ ತಿಂದೂ ಸಾಕಾಯ್ತು ಕಣೋ, ಇವತ್ತಾದ್ರೂ ಸಾರು ಮಾಡೋಣ." ನಾನು ಕಾರಣ ಹೇಳಿಲ್ಲ. ನಿನಗೆ ಹೇಳುವ ಮೊದಲು ಅವರಿಗೆ ಹೇಗೆ ಹೇಳಲಿ?

ನ್‌ಖೋಟಕೋಟದಲ್ಲಿ ಖುಂಬೊ ಬುಟ್ಟಿ ಸರಿಯಾಗಿ ಕಟ್ಟದೆ ಕೋಳಿ ಜೊಂಡಿನೊಳಗೆ ತಪ್ಪಿಸಿಕೊಂಡಿತು. ಮಧ್ಯಾಹ್ನವೆಲ್ಲ ಕೆಸರಿನಲ್ಲಿ ಹುಡುಕಿದೆವು. ಸಿಗಲಾರದೆನಿಸಿದಾಗ ಅಲ್ಲೇ ಕುಕ್ಕರಿಸಿ ಅತ್ತುಬಿಟ್ಟೆ, ನಾಚಿಕೆಯಿಲ್ಲದೆ. ಕೊನೆಗೆ ಖುಂಬೊನೇ ಅದನ್ನು ಎದೆಗವಚಿಕೊಂಡು ಬಂದು, "ಕೋಳಿಗೆ ಅಳೋ ಗಂಡಸನ್ನ ಇವತ್ತೇ ನೋಡಿದ್ದು ಮಾರಾಯಾ" ಅಂದ. ಆಮೇಲೆ ಯಾರೂ ಸಾರಿನ ಮಾತೆತ್ತಿಲ್ಲ.

ಅಪ್ಪ ಅಂಗಡಿಯ ಜಗಲಿಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತಲೇ ಇದ್ದಾರೆ. ಆರು ವರ್ಷದ ಹಿಂದೆ ನಿನ್ನ ಮದುವೆಗೆ ಸೋದರಮಾವ ನ್‌ಖೋಸ್ವೆಯಾಗಿ, ಹೆಣ್ಣಿನ ಪರ ಮಾತಾಡುವ ಹಿರಿಯನಾಗಿ ಕೂರಲು ಒಪ್ಪದೆ, ನೀನು ಭಾವನ ಜೊತೆ ಹೊರಟುಬಿಟ್ಟಾಗ ಅಪ್ಪ ಹೇಳಿದ ಮಾತು ನಿನಗೂ ನೆನಪಿದೆ: "ಮಾತಾಡೋ ಹಿರಿಯನಿಲ್ದೆ ಹೋದೋಳು ನನ್ನ ಮಗಳಲ್ಲ." ಅಂದಿನಿಂದ ಅಪ್ಪನ ಎದುರು ನಿನ್ನ ಹೆಸರೆತ್ತುವಂತಿರಲಿಲ್ಲ. ನಿನ್ನ ಮೇಲೆ ನನಗೂ ಸಿಟ್ಟಿತ್ತು, ಅಕ್ಕಾ. ಈಗ ಬರೀ ನೆನಪಾಗುತ್ತದೆ.

ಅಮ್ಮ ನಿಮ್ಮ ಮೂವರಿಗೂ ಆಶೀರ್ವಾದ ಹೇಳಿದ್ದಾಳೆ. ಟಾವೊಂಗಾಳ ಎರಡೂ ಕೆನ್ನೆಗೆ ಈ ಮಾವನ ಮುತ್ತು.

ನಿನ್ನ ತಮ್ಮ,
ಮಸೌಕೊ

ಒಂದು ಮಾತು ಬರೆಯಲು ಮರೆತಿದ್ದೆ, ಬಸ್ಸು ಆಗಲೇ ಹಾರ್ನ್ ಹೊಡೆಯುತ್ತಿದೆ. ನಿಜ ಹೇಳಬೇಕೆಂದರೆ ಮರೆತಿರಲಿಲ್ಲ, ಬರೆಯಲು ಧೈರ್ಯವಿರಲಿಲ್ಲ. ಸೋದರಮಾವ ಹೋದ ಮಳೆಗಾಲದಲ್ಲಿ ತೀರಿಕೊಂಡರು. ಹೊರಡುವ ದಿನ ಅಪ್ಪ ಯಂತ್ರ ನಿಲ್ಲಿಸಿ, ತಲೆಯೆತ್ತದೆ, "ಇನ್ಮೇಲೆ ತಡಾಲಾ ಪರವಾಗಿ ಮಾತಾಡೋನು ನೀನೇ ಅಲ್ವೇನೋ? ಹೋಗಿ ಕೂತು ಮಾತಾಡ್ಕೊಂಡು ಬಾ" ಎಂದು ಕೋಳಿಬುಟ್ಟಿಯನ್ನು ತಾವೇ ಸೈಕಲ್ಲಿಗೆ ಬಿಗಿದರು. ನಾನು ನಿನ್ನ ನ್‌ಖೋಸ್ವೆಯಾಗಿ ಬರುತ್ತಿದ್ದೇನೆ. ನಮ್ಮ ಕಡೆಯ ಹೇಂಟೆ ಇದು. ಭಾವನ ಕಡೆಯ ಹಿರಿಯರು ಹುಂಜ ಕೊಟ್ಟು ಬದಲಾಯಿಸಿಕೊಂಡರೆ ಮದುವೆ ಮದುವೆಯಾಗುತ್ತದೆ, ನೀನು ಮನೆಗೆ ಬರಬಹುದು. ಗುರುವಾರ ಸಂಜೆಯೊಳಗೆ ತಲುಪುತ್ತೇನೆ. ನಿನಗೆ ಇನ್ನೂ ಮನಸ್ಸಿಲ್ಲದಿದ್ದರೆ ಬರೀ ತಮ್ಮನಾಗಿ ಒಂದು ಲೋಟ ನೀರು ಕುಡಿದು ಹೊರಡುತ್ತೇನೆ, ಏನೂ ಕೇಳುವುದಿಲ್ಲ. ಆದರೆ ಅಂಗಳದಲ್ಲಿ ಒಂದು ಹುಂಜ ಕಟ್ಟಿರು, ಅಕ್ಕಾ.