ಗೋರೆಗಾಂವ್‌ನಲ್ಲಿ ಕಳೆದುಹೋದವರು ಯಾರು?

ರೀ,

"ಇತ್ತ ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ" ಎಂದು ಶುರುಮಾಡಲು ಕೈ ಹೋಗಿತ್ತು. ತೀರಿಹೋದವರಿಗೆ ಹಾಗೆ ಬರೆಯುತ್ತಾರೆಯೇ? ನೇರ ವಿಷಯಕ್ಕೇ ಬರುತ್ತೇನೆ. ನಮ್ಮ ಮುಂಬಯಿ ಜಗಳ ಇನ್ನೂ ಮುಗಿದಿಲ್ಲ. ನಾನು ಕಳೆದುಹೋದೆ, ನೀವು ಹುಡುಕಿ ತಂದಿರಿ ಎಂದು ಮದುವೆಮನೆ, ಮುಂಜಿಮನೆ ಎನ್ನದೆ ಹೇಳಿಕೊಂಡು ಬಂದಿರಲ್ಲ, ಆ ಜಗಳ. ನಾನು ಬಾಯಿ ತೆರೆದರೆ ಸಾಕು, "ನೀನು ಸುಮ್ನಿರೇ, ನಿನಗೆ ನೆನಪಿಲ್ಲ" ಎನ್ನುತ್ತಿದ್ದಿರಿ. ಈಗ ಹೇಗೆ ಅಡ್ಡಬಾಯಿ ಹಾಕುತ್ತೀರೋ ನೋಡೋಣ.

ಆ ಕ್ರಿಸ್‌ಮಸ್ ರಜೆಯಲ್ಲಿ ಮೈಸೂರಿನಿಂದ ಹೋದಾಗ ನಿಮ್ಮ ಜಂಬ ನೆನಪಿದೆಯೇ? ಗೋರೆಗಾಂವ್‌ನಲ್ಲಿದ್ದ ನನ್ನ ತಮ್ಮ ಶ್ರೀಧರ, "ಭಾವ, ಭಾನುವಾರದವರೆಗೆ ತಡೀರಿ, ನಾನೇ ಊರು ತೋರಿಸ್ತೀನಿ" ಎಂದ. "ಭೂಗೋಳದ ಮೇಷ್ಟ್ರಿಗೇ ದಾರಿ ತೋರಿಸ್ತೀಯೇನಯ್ಯ?" ಎಂದು ಅವನ ಬಾಯಿ ಮುಚ್ಚಿಸಿದಿರಿ. ಚರ್ಚ್‌ಗೇಟಿನಿಂದ ವಿರಾರ್‌ವರೆಗಿನ ಸ್ಟೇಷನ್ನುಗಳೆಲ್ಲ ನಿಮಗೆ ಸಹಸ್ರನಾಮದಂತೆ ಬಾಯಿಪಾಠ. ಗೇಟ್‌ವೇ ನೋಡಿದೆವು, ಚೌಪಾಟಿಯಲ್ಲಿ ಕಾಲು ನೆನೆಸಿಕೊಂಡೆವು, ಮಾಟುಂಗದಲ್ಲಿ ಮಸಾಲೆದೋಸೆ ತಿಂದು "ನಮ್ಮೂರಿನದರ ಮುಂದೆ ಏನೂ ಇಲ್ಲ" ಎಂದು ಅಪರೂಪಕ್ಕೆ ಇಬ್ಬರೂ ಒಂದೇ ಮಾತಾಡಿದೆವು. ಅಲ್ಲಿಯವರೆಗೆ ಎಲ್ಲ ಚೆನ್ನಾಗಿಯೇ ಇತ್ತು.

ಸಂಜೆ ದಾದರ್ ಸ್ಟೇಷನ್... ಅಬ್ಬಬ್ಬಾ, ಆ ಜನ! ನನ್ನನ್ನು ಹೆಂಗಸರ ಡಬ್ಬಿಗೆ ಹತ್ತಿಸಿ, "ಗೋರೆಗಾಂವ್‌ನಲ್ಲಿ ಇಳಿ. ಇಳಿದು ನಿಂತಲ್ಲೇ ನಿಂತಿರು. ನಾನು ಹುಡುಕ್ಕೊಂಡು ಬರ್ತೀನಿ" ಎಂದು ನೀವು ಪಕ್ಕದ ಡಬ್ಬಿಗೆ ಓಡಿದಿರಿ. ನನಗೋ ಹಿಂದಿ ಬಾರದು, ಶ್ರೀಧರನ ವಿಳಾಸ ನಿಮ್ಮ ಜೇಬಿನಲ್ಲಿ. ನೋಡಿದರೆ ಒಳಗೆ ಹೆಂಗಸರು ತಮ್ಮ ಮನೆ ಜಗಲಿಯ ಮೇಲೆ ಕೂತ ಹಾಗೆ ಬಟಾಣಿ ಬಿಡಿಸುತ್ತಿದ್ದಾರೆ! ಸರಿದು ಜಾಗ ಕೊಟ್ಟರು. ಕೈಕಟ್ಟಿ ಕೂರಲು ನನ್ನಿಂದಾಗುತ್ತದೆಯೇ? ನಾನೂ ಒಂದಷ್ಟು ಎತ್ತಿಕೊಂಡೆ. ನಾನು ದೇವರನ್ನು ಕರೆಯುತ್ತಿದ್ದುದನ್ನು ಕೇಳಿಸಿಕೊಂಡು ಉಡುಪಿ ಕಡೆಯ ಒಬ್ಬಾಕೆ ಮಾತಾಡಿಸಿದರು. ಅಂಧೇರಿ ದಾಟುತ್ತಲೇ, "ಏಳಿ ಮಾರಾಯ್ರೆ, ಈಗಲೇ ಬಾಗಿಲ ಹತ್ರ ಹೋಗ್ಬೇಕು. ಸ್ಟೇಷನ್ ಬಂದ ಮೇಲೆ ಎದ್ರೆ ಇಳೀಲಿಕ್ಕೆ ಆಗುದಿಲ್ಲ" ಎಂದು ಎಬ್ಬಿಸಿದರು. ಹೂವಿನ ಹಾಗೆ ಇಳಿಸಿಯೂ ಬಿಟ್ಟರು.

ಗೋರೆಗಾಂವ್‌ನಲ್ಲಿ ನಾನು ನಿಂತಲ್ಲೇ ನಿಂತೆ. ಗಾಡಿ ಹೋಯಿತು. ನೀವೆಲ್ಲಿ? ನೀವು ಡಬ್ಬಿಯ ನಟ್ಟನಡುವೆ ನಿಂತು, ಜೋಗೇಶ್ವರಿ ಆದ ಮೇಲೆ ಗೋರೆಗಾಂವ್ ಎಂದು ಪಕ್ಕದವನಿಗೆ ಪಾಠ ಹೇಳುತ್ತಿದ್ದಿರಂತೆ! ಹೆಸರುಗಳೆಲ್ಲ ಗೊತ್ತು, ಮೊದಲೇ ಬಾಗಿಲಿಗೆ ಸರಿಯಬೇಕೆಂಬುದು ಮಾತ್ರ ಗೊತ್ತಿಲ್ಲ. ಕೊನೆಗೆ ಬೊರಿವಲಿಯಲ್ಲಿ ಜನವೇ ನಿಮ್ಮನ್ನು ಹೊರಗೆ ಹಾಕಿತು. ವಾಪಸು ಬರಲು ನೀವು ಹತ್ತಿದ್ದೋ ಗೋರೆಗಾಂವ್‌ನಲ್ಲಿ ನಿಲ್ಲದ ಫಾಸ್ಟ್ ಗಾಡಿ. ನನ್ನ ಕಣ್ಣೆದುರೇ ಆಚೆ ಹಳಿಯ ಮೇಲೆ ಅದು ಧಡಧಡನೆ ಹೋಯಿತು. ಬಾಗಿಲಲ್ಲಿ, ಬೇಸಿಗೆಯಲ್ಲೂ ಚಳಿಯಲ್ಲೂ ಬಿಡದ ಆ ಕೊಡೆ ಬೀಸುತ್ತ, ನೀವು! "ನಿಂತಿರು! ನಿಂತಲ್ಲೇ ನಿಂ..." ಅಷ್ಟರಲ್ಲಿ ಮಾಯ. ನಾನು ನಿಂತೇ ಇದ್ದೆನಲ್ಲ ಮಹಾರಾಯರೇ, ಅತ್ತಿಂದಿತ್ತ ಓಡಾಡುತ್ತಿದ್ದವರು ಯಾರು?

ಅಂಧೇರಿಯಿಂದ ಮತ್ತೆ ಬಂದು ಇಳಿದಾಗ ನಿಮ್ಮ ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ. ನನ್ನನ್ನು ಕಂಡವರೇ ಇಡೀ ಪ್ಲಾಟ್‌ಫಾರಂಗೆ ಕೇಳುವಂತೆ, "ಎಲ್ಲಿ ಹಾಳಾಗಿ ಹೋಗಿದ್ದೆ?" ಎಂದು ಗದರಿದಿರಿ. ಆಹಾ! ಗದರುತ್ತಲೇ ನನ್ನ ಕೈ ಹಿಡಿದವರು ಶ್ರೀಧರನ ಮನೆ ಬಾಗಿಲವರೆಗೆ ಬಿಡಲಿಲ್ಲ. ಅದನ್ನು ಮಾತ್ರ ಯಾವ ಮದುವೆಮನೆಯಲ್ಲೂ ಹೇಳಲಿಲ್ಲ ನೀವು.

ಮೊನ್ನೆ ನಿಮ್ಮ ವೈಕುಂಠ ಸಮಾರಾಧನೆಯ ಊಟವಾದ ಮೇಲೆ ಶ್ರೀಧರನ ಮಗಳು, "ಅತ್ತೆ, ಅದು ಲೋಕಲ್‌ದು ಸ್ಟೋರಿ ಹೇಳಿ ನಾ, ಮಾವ ಹೇಳ್ತಿದ್ರಲ್ಲ" ಎಂದಳು. ಎಲ್ಲರೂ ನನ್ನ ಕಡೆ ತಿರುಗಿದರು. ಈ ಗಳಿಗೆಗೆ ಎಷ್ಟು ವರ್ಷ ಕಾದಿದ್ದೆ! ತಡೆಯಲು ನೀವಿಲ್ಲ, ನೀವು ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದದ್ದನ್ನು ಕಂಡ ಶ್ರೀಧರನೇ ಸಾಕ್ಷಿಗೆ ಎದುರಿಗಿದ್ದಾನೆ. ಬಾಯಿ ತೆರೆದೆ. "ನಾನು ಕಳೆದುಹೋಗಿದ್ದೆ ಕಣಮ್ಮ. ಪಾಪ, ಅವರೇ ಊರೆಲ್ಲ ಅಲೆದು ಹುಡುಕಿ ತಂದ್ರು" ಎಂದುಬಿಟ್ಟೆ. ನೀವು ಹೇಳುತ್ತಿದ್ದಂತೆಯೇ ಒಂದು ಮಾತು ಬಿಡದೆ ಹೇಳಿದೆ. ನೀವು ನಗಿಸುತ್ತಿದ್ದ ಜಾಗದಲ್ಲೇ ಎಲ್ಲರೂ ನಕ್ಕರು. ನಿಜ ಹೇಳಿದ್ದರೆ ಅದು ನನ್ನ ಕಥೆಯಾಗುತ್ತಿತ್ತು. ನನಗೆ ಆ ಹೊತ್ತು ನಿಮ್ಮ ದನಿ ಬೇಕಾಗಿತ್ತು ರೀ.

ಹೋಗಲಿ, ನೀವೇ ಗೆದ್ದಿರಿ, ಸಂತೋಷವೇ? ಆದರೆ ಒಂದು ಮಾತು. ಈಗ ಹೋಗಿರುವ ಊರಿನ ಸ್ಟೇಷನ್ನುಗಳು ನಿಮಗೆ ಬಾಯಿಪಾಠವಿಲ್ಲ. ಮೇಷ್ಟ್ರೆಂಬ ಜಂಬದಲ್ಲಿ ಯಾವ ಗಾಡಿಯನ್ನೂ ಹತ್ತಬೇಡಿ. ನನಗೆ ಇಲ್ಲಿ ಇನ್ನೂ ಸ್ವಲ್ಪ ಕೆಲಸವಿದೆ. ಬರುವಾಗ ನಿಮ್ಮ ಕೊಡೆ ತರುತ್ತೇನೆ. ಅಲ್ಲಿಯವರೆಗೆ ನಿಂತಲ್ಲೇ ನಿಂತಿರಿ. ನಾನೇ ಹುಡುಕಿಕೊಂಡು ಬರುತ್ತೇನೆ.