ಗೊಣಗಾಟ ನಿಂತ ಮನೆ

ಮಾರ್ಚ್ 3, ಡ್ಯೂಟಿ ಮುಗಿದ ಮೇಲೆ

ಇವತ್ತೂ ವಾರ್ಡಿನ ಕಿಟಕಿ ಪಕ್ಕದ ತಾತನ ಜೊತೆ ಜಗಳದಿಂದಲೇ ಡ್ಯೂಟಿ ಶುರು. ಟೀ ತಣ್ಣಗಿದೆ, ದಿಂಬು ಗಟ್ಟಿ, ನಮಗ್ಯಾರಿಗೂ ಸೂಜಿ ಚುಚ್ಚೋಕೆ ಬರಲ್ಲವಂತೆ. ಹೊಟ್ಟೆ ಆಪರೇಷನ್ ಆಗಿ ಮಲಗಿದ್ದಾರೆ, ಬಾಯಿಗೆ ಮಾತ್ರ ಏನೂ ಆಗಿಲ್ಲ. “ನಿನ್ನಂಥೋಳ ಜೊತೆ ಗಂಡ ಹೆಂಗಮ್ಮ ಬದುಕ್ತಾನೆ?” ಅಂದರು. “ಬದುಕಿದಾರೆ ತಾತ, ಕರ್ಕೊಂಡು ಬಂದು ತೋರಿಸ್ಲಾ?” ಎಂದೆ. ಪುಟ್ಟಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಪುಟ್ಟಿ ಎಂದರೆ ಹೊಸ ನರ್ಸ್, ನನ್ನ ಬಾಲ. ಬಿಪಿ ನೋಡೋ ಮುಂಚೆ ಮುಖ ನೋಡು ಎಂದು ದಿನಾ ಅವಳ ತಲೆ ತಿನ್ನುತ್ತೇನೆ.

ಮೇಟ್ರನ್ ಕರೆಸಿದ್ದರು. ಆಸ್ಪತ್ರೆಯ ವಾರ್ಷಿಕೋತ್ಸವದಲ್ಲಿ ನಾನು ಮಾತಾಡಬೇಕಂತೆ. ವಿಷಯ — ನರ್ಸ್ ಕೆಲಸದಲ್ಲಿ ಅತಿ ಹೆಚ್ಚು ತೃಪ್ತಿ ಕೊಡುವುದು ಯಾವುದು. ಮನೆಗೆ ಹೋಗಿ ಶೂ ಬಿಚ್ಚುವುದು ಎಂದೆ. ಮೇಟ್ರನ್ ನಗಲಿಲ್ಲ.

ಮನೆಯಲ್ಲಿ ಇವರದು ಇನ್ನೊಂದು ರಗಳೆ. ಉಪ್ಪು ಜಾಸ್ತಿ. ಬೀಗದ ಕೈ ಎಲ್ಲಿಟ್ಟೆ. ಫ್ಯಾನ್ ಯಾಕೆ ಹಾಕಿದೆ. ಮನೆ ಹಿಂದಿನ ಶೆಡ್ಡಿನಲ್ಲಿ ದಿನವಿಡೀ ಮರ ಉಜ್ಜುತ್ತಾ ಕೂತಿರುತ್ತಾರಲ್ಲ, ಮಾತೆಲ್ಲ ನನಗೇ ಅಂತ ಎತ್ತಿಟ್ಟಿರುತ್ತಾರೆ. ಎಡಗೈ ಸೋತುಹೋಗಿದೆ ಎಂದರು. ಅಷ್ಟು ದೊಡ್ಡ ಬೀರು ಒಬ್ಬರೇ ಸರಿಸಿದರೆ ಇನ್ನೇನಾಗುತ್ತೆ? ಮುಲಾಮು ಎಸೆದೆ. ಹಚ್ಚಲಿಲ್ಲ. ಬೆಳಗ್ಗೆಯಿಂದ ಊರವರ ಮೈ ಒರೆಸಿದ ಕೈಗೆ ಮನೆಯಲ್ಲಿ ರಜೆ.

ಮಾರ್ಚ್ 6

ಪುಟ್ಟಿ ಓಡಿ ಬಂದು ಹೇಳಿದಳು. “ಅಕ್ಕಾ, ತಾತ ಇವತ್ತು ಬಂಗಾರ. ಟೀ ತಣ್ಣಗಿತ್ತು, ಪರವಾಗಿಲ್ಲಮ್ಮ ಅಂದ್ರು.”

ಕೈಯಲ್ಲಿದ್ದ ಕೆಲಸ ಅಲ್ಲೇ ಬಿಟ್ಟೆ. ಹೋಗಿ ನೋಡಿದೆ. ಬಿಪಿ ಸರಿ. ಜ್ವರ ಇಲ್ಲ. ನಾಡಿ ಸ್ವಲ್ಪ ಜೋರು, ಅಷ್ಟೆ. ಆದರೆ ಮುಖ… ಕಣ್ಣು ನನ್ನನ್ನು ದಾಟಿ ಇನ್ನೆಲ್ಲೋ ನೋಡುತ್ತಿತ್ತು. ದಿಂಬು ಗಟ್ಟಿಯಾ ತಾತ ಎಂದು ಕೆಣಕಿದೆ. ಇರ್ಲಿ ಬಿಡಮ್ಮ ಎಂದರು. ತಕ್ಷಣ ಡಾಕ್ಟರಿಗೆ ಫೋನ್ ಹಚ್ಚಿದೆ.

“ಏನು ಕಂಪ್ಲೇಂಟು ಸಿಸ್ಟರ್?”

“ಕಂಪ್ಲೇಂಟೇ ಇಲ್ಲ ಸರ್. ಅದೇ ಭಯ.”

ಹಳೇ ಪರಿಚಯ, ಮರುಮಾತಾಡದೆ ಬಂದರು. ಸ್ಕ್ಯಾನ್ ಆಯಿತು. ಒಳಗೆ ಹೊಲಿಗೆ ಬಿಟ್ಟಿತ್ತು. ಇನ್ನು ಸ್ವಲ್ಪ ತಡವಾಗಿದ್ದರೆ ತಾತ ಕೈಬಿಟ್ಟು ಹೋಗುತ್ತಿದ್ದರು. ಆಪರೇಷನ್ ಥಿಯೇಟರಿಗೆ ನಾನೇ ಟ್ರಾಲಿ ತಳ್ಳಿಕೊಂಡು ಓಡಿದೆ. ಈಗ ಮಂಡಿ ಪದ ಹೇಳುತ್ತಿದೆ.

ಮಾರ್ಚ್ 11

ತಾತ ವಾರ್ಡಿಗೆ ವಾಪಸ್. ಒಂದು ಗುಟುಕು ಕುಡಿದು, “ಇದೇನು ಟೀನಾ, ಪಾತ್ರೆ ತೊಳೆದ ನೀರಾ?” ಎಂದರು. ನನಗೆ ಅಳು ಬಂದುಬಿಟ್ಟಿತು. ಸ್ಟೋರ್ ರೂಮಿಗೆ ಹೋಗಿ ಕಣ್ಣು ಒರೆಸಿಕೊಂಡು ಬಂದೆ.

ಅವರ ಮಗಳು ಡಾಕ್ಟರಿಗೆ ಹೂಗುಚ್ಛ ಕೊಟ್ಟಳು. ನನ್ನನ್ನು ಕ್ಯಾಂಟೀನ್ ಎಲ್ಲಿದೆ ಎಂದು ಕೇಳಿದಳು. ಬೇಜಾರಿಲ್ಲ. ಸುಳ್ಳು, ಸ್ವಲ್ಪ ಇದೆ. ಆದರೆ ಭಾಷಣ ಸಿಕ್ಕಿತು. ಆಗಿಯೇಬಿಡುತ್ತಿದ್ದುದು ಆಗದೇ ಉಳಿಯುವುದು — ನಮ್ಮ ಕೆಲಸದ ಸುಖವೆಲ್ಲ ಅದರಲ್ಲೇ ಇದೆ. ಆಗದೇ ಹೋದದ್ದಕ್ಕೆ ಯಾರೂ ಹೂವು ತರುವುದಿಲ್ಲ. ನಮಗಷ್ಟೇ ಗೊತ್ತಿರುತ್ತದೆ, ಸಾಕು. ಯಾರೂ ಕಾಣದ್ದನ್ನು ನನ್ನ ಕಣ್ಣು ಕಂಡಿತಲ್ಲ… ಜಂಬವೇ ಇರಲಿ, ಡೈರಿಯಲ್ಲಿ ತಾನೆ.

ಇವರು ಇವತ್ತು ಊಟದ ಬಗ್ಗೆ ತುಟಿ ಬಿಚ್ಚಲಿಲ್ಲ. ಆಮೇಲೆ ನಾನು ಬಾಯಿಗಿಟ್ಟರೆ — ಉಪ್ಪೇ ಹಾಕಿಲ್ಲ.

“ಯಾಕ್ರೀ ಹೇಳ್ಲಿಲ್ಲ?”

“ಇರ್ಲಿ ಬಿಡೇ.”

ಅಂತೂ ಇಂತೂ ಬುದ್ಧಿ ಬಂತು. ಮನೆ ಎಷ್ಟು ಶಾಂತವಾಗಿದೆ. ಹೀಗೇ ಇರಲಿ ದೇವರೇ.

ಮಾರ್ಚ್ 14, ಸಂಜೆ

ಇವರನ್ನು ಕುರ್ಚಿಯಲ್ಲಿ ಕೂರಿಸಿ ಭಾಷಣ ಒಪ್ಪಿಸಿದೆ. ಮುಗಿಯುವವರೆಗೂ ಕದಲಲಿಲ್ಲ. ಕುರ್ಚಿಯ ಕೈ ಹಿಡಿದು ಕೂತೇ ಇದ್ದರು. ಚೆನ್ನಾಗಿದೆ ಎಂದರು. ಒಂದು ತಪ್ಪೂ ಹುಡುಕಲಿಲ್ಲ! ಮದುವೆಯಾದಾಗಿನಿಂದ ಇದೇ ಮೊದಲು. ಸಂತೋಷವಾಯಿತು.

ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಸೆಕೆಯೇನೂ ಇರಲಿಲ್ಲ. ಎದೆ ಹತ್ತಿರ ಗ್ಯಾಸ್ ಹಿಡಿದ ಹಾಗಿದೆ ಎಂದರು. ಮಾತ್ರೆ ಕೊಟ್ಟೆ.

“ಡಾಕ್ಟ್ರ ಹತ್ರ ಹೋಗೋಣ್ವಾ?”

ಆಸ್ಪತ್ರೆ ಎಂದರೆ ಮಾರು ದೂರ ಓಡುವ ಮನುಷ್ಯ, ತಾನೇ ಕೇಳಿದ್ದು. ನಗು ಬಂತು. “ಈ ಫಂಕ್ಷನ್ ಒಂದು ಮುಗೀಲಿ ರೀ, ನಾನೇ ಕರ್ಕೊಂಡು ಹೋಗ್ತೀನಿ” ಎಂದೆ. ತಲೆಯಾಡಿಸಿದರು. ನನ್ನ ಸೀರೆ ಇಸ್ತ್ರಿ ಇನ್ನೂ ಆಗಿಲ್ಲ. ಪುಟ್ಟಿಯನ್ನು ಬೇರೆ ನಾಳೆಯಿಂದ ಹೃದಯದ ಐಸಿಯುಗೆ ಹಾಕಿದ್ದಾರೆ. ಕೈ ಮುರಿದ ಹಾಗಾಗಿದೆ.

ಮಾರ್ಚ್ 17, ಮಧ್ಯಾಹ್ನ. ಐಸಿಯು ಹೊರಗೆ

ಬೆಂಚಿನ ಮೇಲೆ ಕೂತು ಬ್ಯಾಗಿನಿಂದ ಡೈರಿ ತೆಗೆದೆ. ಬರೆದರೆ ಹೊತ್ತು ಹೋಗಬಹುದು.

ವೇದಿಕೆ ಹತ್ತಿದೆ. ಮೊದಲು ಸರಿಯಾಗಿಯೇ ಬಂತು. ತಾತನ ಕಥೆ ಹೇಳಿದೆ, ಎಲ್ಲರೂ ನಕ್ಕರು. “ಗೊಣಗುವವರು ಗೊಣಗಲಿ, ಅದು ಆರೋಗ್ಯ. ಗೊಣಗುವುದನ್ನು ಬಿಟ್ಟರೆ ಮಾತ್ರ ಓಡಿಹೋಗಿ ಅವರ ಮುಖ ನೋ…”

ಅಲ್ಲಿಗೆ ನಾಲಿಗೆ ನಿಂತಿತು. ಉಪ್ಪು. ಎಡಗೈ. ಅಂಟಿಕೊಂಡ ಅಂಗಿ.

ಭಾವುಕಳಾದೆ ಎಂದುಕೊಂಡು ಜನ ಚಪ್ಪಾಳೆ ಹೊಡೆದರು. ಆ ಚಪ್ಪಾಳೆಯ ನಡುವೆಯೇ ಇವರಿಗೆ ಫೋನ್ ಹಚ್ಚಿದೆ. ರಿಂಗ್ ಆಗುತ್ತಲೇ ಇತ್ತು. ಎತ್ತಲಿಲ್ಲ.

ಆಂಬುಲೆನ್ಸಿನಲ್ಲಿ ನಾನೇ ಹೋದೆ. ಶೆಡ್ಡಿನಲ್ಲಿ ಮರದ ಹೊಟ್ಟಿನ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಮುಖ ಬೂದಿ. “ಭಾಷಣ ಆಯ್ತಾ?” ಎಂದರು. ಆಮೇಲೆ ದಾರಿಯುದ್ದಕ್ಕೂ ಮಾತಿಲ್ಲ. ಉಪ್ಪಿನ ಬಗ್ಗೆ ಬೈಯಿರಿ, ಫ್ಯಾನಿನ ಬಗ್ಗೆ ಬೈಯಿರಿ, ಏನಾದರೂ ಅನ್ನಿರಿ ಎಂದು ಕೈ ತಿಕ್ಕುತ್ತಾ ಕೂತೆ. ಊರವರ ಮುಖವೆಲ್ಲ ಓದುತ್ತೇನೆ. ದಿನಾ ನನ್ನ ತಟ್ಟೆಯ ಎದುರು ಕೂರುವ ಮುಖ ಓದಲಿಲ್ಲ. ನಾನು ಪಾಪಿ.

ಐಸಿಯು ಬಾಗಿಲಲ್ಲಿ ಪುಟ್ಟಿಯೇ ತಡೆದಳು. “ಅಕ್ಕಾ, ನೀವು ಹೊರಗಿರಿ. ಈಗ ನೀವು ಸಿಸ್ಟರ್ ಅಲ್ಲ, ಮನೆಯವರು.” ನನಗಿಂತ ಗಟ್ಟಿ ದನಿ. ಸರಿಯಾಗೇ ಹೇಳಿದಳು.

ಅದೇ ದಿನ, ಸಂಜೆ

ಬಾಗಿಲಿನ ಗಾಜಿನಲ್ಲಿ ಎಲ್ಲರೂ ಓಡಾಡುವುದು ಕಾಣುತ್ತಿತ್ತು. ಓಡಲಿ, ಓಡುತ್ತಿದ್ದರೆ ಒಳ್ಳೆಯದು. ಈಗ ಯಾರೂ ಓಡುತ್ತಿಲ್ಲ. ಒಬ್ಬರು ಗ್ಲೌಸ್ ಬಿಚ್ಚುತ್ತಿದ್ದಾರೆ. ಚೇತರಿಸಿಕೊಂಡಾಗಲೂ ಗ್ಲೌಸ್ ಬಿಚ್ಚುತ್ತಾರೆ. ಹೌದು, ಆಗಲೂ ಬಿಚ್ಚುತ್ತಾರೆ.

ಒಳ್ಳೆಯ ಸುದ್ದಿಯನ್ನು ನಾವು ಬಾಗಿಲಿನಿಂದಲೇ ಹೇಳಿಬಿಡುತ್ತೇವೆ. ತಡೆಯಲಾಗುವುದಿಲ್ಲ. ಇನ್ನೊಂದನ್ನು ನಿಂತು ಹೇಳಬಾರದು. ಹತ್ತಿರ ಹೋಗಬೇಕು, ಪಕ್ಕದಲ್ಲಿ ಕೂರಬೇಕು, ಆಮೇಲೆ ಬಾಯಿ ತೆರೆಯಬೇಕು. ಪುಟ್ಟಿಗೆ ಇದನ್ನು ಕಲಿಸಿದ್ದು ನಾನೇ.

ಬಾಗಿಲು ತೆರೆಯಿತು. ಪುಟ್ಟಿ.

ಅಲ್ಲಿಂದಲೇ ಹೇಳು ಮಗಳೇ. ಅಲ್ಲೇ ನಿಂತು ಹೇಳು.

ಬರುತ್ತಿದ್ದಾಳೆ. ಬೆಂಚಿನ ಮೇಲಿನ ನನ್ನ ಬ್ಯಾಗನ್ನು ಎತ್ತಿ ಕೆಳಗಿಟ್ಟು, ಪಕ್ಕದಲ್ಲಿ ಕೂತಳು.