ಮುಡುಕುತೊರೆಯ ಬೋಟ್ ಲಿಫ್ಟ್

ತಾಂಡ್ಯ,
24 ಜೂನ್ 2025

ಪ್ರೀತಿಯ ಅರ್ಪಿತ,

ಎದುರಿಗೆ ಕೂತು ಮಾತಾಡಿದರೆ ಅರ್ಧಕ್ಕೇ ಜಗಳವಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ನೀನು ಬಿಟ್ಟುಹೋದ ಮೇಲೂ ನಮ್ಮ ವೆಲ್ಡಿಂಗ್ ಶೆಡ್ ಮುಚ್ಚಿಲ್ಲ. ಮುಡುಕುತೊರೆ ಹತ್ತಿರ ಹೊಳೆದಂಡೆಯಲ್ಲಿ ತೋಟ ಮಾಡಿರುವ ಗಂಗಾಧರಸ್ವಾಮಿಯವರ ದೋಣಿಕಟ್ಟೆಗೆ ಬೋಟ್ ಲಿಫ್ಟ್ ಹಾಕಿಕೊಟ್ಟೆ. ನಾನೊಬ್ಬಳೇ ಒಪ್ಪಿಕೊಂಡ ಮೊದಲ ಕೆಲಸ.

ಹೋದ ವರ್ಷ ಹೊಳೆ ಏರಿದಾಗ ಅವರ ಮೋಟಾರ್ ದೋಣಿ ಕಟ್ಟೆಗೆ ಬಡಿದು ಪಕ್ಕೆ ಸೀಳಿತ್ತಂತೆ. ಆಳು ಸಿಗುವಷ್ಟರಲ್ಲಿ ನೀರು ಬಂದುಬಿಡುತ್ತದೆ, ಒಬ್ಬರೇ ಮೇಲೆತ್ತುವ ಹಾಗೆ ಮಾಡಿಕೊಡು ಎಂದರು. ಬೇಸಿಗೆಯಲ್ಲಿ ನೀರು ಇಳಿದಾಗಲೇ ನಾಲ್ಕು ಕಬ್ಬಿಣದ ಕಂಬ ನೆಟ್ಟು ಕಾಂಕ್ರೀಟ್ ಹಾಕಿಸಿದ್ದೆ. ಮೇಲೆ ಬೀಮು, ಅದರಿಂದ ಇಳಿಬಿಟ್ಟ ರಾಟೆಯ ಸರಪಳಿ, ದೋಣಿಯ ಹೊಟ್ಟೆಯಡಿಗೆ ಎರಡು ಅಗಲದ ಬೆಲ್ಟು.

ಶನಿವಾರ ಕಬಿನಿಯಿಂದ ನೀರು ಬಿಡುತ್ತಾರೆಂದು ಸುದ್ದಿ ಬಂತು. ಬೆಳಿಗ್ಗೆಯೇ ಹೋಗಿ ಸರಪಳಿ ಎಳೆದೆ. ದೋಣಿ ನೀರು ಬಿಟ್ಟು ಒಂದಡಿ ಎದ್ದಿತೋ ಇಲ್ಲವೋ, ಹಿಂಭಾಗ ಜೋತುಬಿದ್ದು ಬೆಲ್ಟಿನಿಂದ ಜಾರತೊಡಗಿತು.

“ವೆಲ್ಡಿಂಗ್ ಬಿಟ್ಕತ್ತೇನವ್ವ?” ಎಂದು ಗಂಗಾಧರಸ್ವಾಮಿಯವರು ಕೇಳಿದರು.

ವೆಲ್ಡಿಂಗ್ ಗಟ್ಟಿಯಾಗಿಯೇ ಇತ್ತು. ಎಂಜಿನ್ನಿನ ಭಾರವೆಲ್ಲ ಹಿಂದಿರುತ್ತದೆ ಎಂಬುದನ್ನು ಮರೆತು ನಾನೇ ಬೆಲ್ಟನ್ನು ಮುಂದಕ್ಕೆ ಹಾಕಿದ್ದೆ. “ಇಲ್ಲ ಸಾ, ಅಳತೆ ತಪ್ಪಾಯ್ತು. ನಂದೇ ತಪ್ಪು” ಅಂದೆ.

ದೋಣಿ ಇಳಿಸಿ, ಹಿಂದಿನ ಬೆಲ್ಟನ್ನು ಎರಡಡಿ ಹಿಂದಕ್ಕೆ ಸರಿಸಿ ಮತ್ತೆ ಎಳೆದೆ. ಮಧ್ಯಾಹ್ನದ ಹೊತ್ತಿಗೆ ಹೊಳೆ ಕೆಂಪಗೆ ಉಕ್ಕಿ ಕಟ್ಟೆಯೇ ಮುಳುಗಿತು. ದೋಣಿ ಮೇಲೆ ಅಲುಗದೆ ನಿಂತಿತ್ತು. “ಗಟ್ಟಿಗಿತ್ತಿ ಕಣವ್ವ” ಅಂದರು ಅವರು.

ನಂದೇ ತಪ್ಪು ಎಂಬ ಮಾತು ಅಲ್ಲಿ ಅಷ್ಟು ಸಲೀಸಾಗಿ ಬಂತಲ್ಲ, ತಲಕಾಡಿನ ಮನೆಯೊಂದಕ್ಕೆ ನಾವು ಮಾಡಿದ ಗೇಟು ಬಿದ್ದ ದಿನ ಯಾಕೆ ಬರಲಿಲ್ಲ? ಎಲ್ಲರೆದುರು ನಿನ್ನ ವೆಲ್ಡಿಂಗೇ ಬಿಟ್ಟಿದ್ದು ಎಂದು ಬೆರಳು ತೋರಿಸಿದೆ. ವೆಲ್ಡಿಂಗ್ ಬಿಟ್ಟಿರಲಿಲ್ಲ ಅರ್ಪಿತ. ನಾನು ತಂದ ಪ್ಲೇಟು ತೆಳ್ಳಗಿತ್ತು, ಅದೇ ಹರಿದಿತ್ತು. ನನಗೆ ಅಲ್ಲೇ ಗೊತ್ತಾಗಿತ್ತು. ನಿನ್ನೆ ಆ ಮನೆಯವರಿಗೂ ಹೋಗಿ ಹೇಳಿ ಬಂದೆ.

ಕ್ಷಮಿಸುವುದು ಬಿಡುವುದು ನಿನಗೆ ಸೇರಿದ್ದು. ಕೆಲಸ ನನಗೆ ಬರುತ್ತದೆ. ನೀನಿಲ್ಲದೆಯೂ ಶೆಡ್ ನಡೆಯುತ್ತದೆ, ಆ ಚಿಂತೆ ನಿನಗೆ ಬೇಡ.

ಇಂತಿ ನಿನ್ನ,
ತೇಜಸ್ವಿನಿ

ಮ.ವಿ.: ಪಕ್ಕದ ತೋಟದವರಿಗೂ ಇಂಥದೇ ಲಿಫ್ಟ್ ಬೇಕಂತೆ. ಅಳತೆ ತೆಗೆಯುವುದಕ್ಕೆ ಯಾರು ಬರುತ್ತಾರೆ ಎಂದು ಕೇಳಿದರು. ಅರ್ಪಿತ ಅಂತ, ನನ್ನ ಪಾಲುದಾರಳು ಎಂದು ನಿನ್ನ ನಂಬರ್ ಕೊಟ್ಟುಬಿಟ್ಟೆ. ಗುರುವಾರ ಫೋನ್ ಮಾಡುತ್ತಾರೆ.